ಊದುಬತ್ತಿಯ ತುದಿಯ ಕೆಂಪು

"ನಿನಗಿರುವುದು ಒಂದೇ ಕೆಲಸ," ಎಂದರು ಪೂವಪ್ಪ. "ನೋಡುವುದು. ನಾನು ಚಿತ್ರ ತೆಗೀತೇನೆ, ನೀನು ಬಣ್ಣವನ್ನು ಕಣ್ಣಲ್ಲಿ ಹೊತ್ತುಕೊಂಡು ಬಾ. ಬೇರೆ ಎಂತದೂ ಮಾಡ್ಬೇಡ."

"ಆಯ್ತು ಮಾವ. ಬಾಂದ್ರಾದಿಂದ ದಾದರಿನವರೆಗೆ ಅದನ್ನೇ ಹೇಳಿದ್ರಿ, ಈಗ ದಾದರಿನಿಂದ ಮುಲುಂಡಿಗೂ ಅದನ್ನೇ ಹೇಳ್ತೀರಾ?"

ಮುಂಜಾನೆಯ ಲೋಕಲ್ ರೈಲಿನಲ್ಲಿ ಸೇವಂತಿ ಕ್ಯಾಮರಾದ ಪೆಟ್ಟಿಗೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಐವತ್ತಾರನೆಯ ಇಸವಿಯ ಮಳೆಗಾಲ ಆಗಷ್ಟೇ ಹಿಂದೆ ಸರಿಯುತ್ತಿತ್ತು.

ಬಾಂದ್ರಾ ಸ್ಟೇಷನ್ನಿನ ಎದುರಿಗೆ ಸೋದರಮಾವ ಪೂವಪ್ಪನವರ ಫೋಟೋ ಸ್ಟುಡಿಯೋ. ಕಪ್ಪು ಬಿಳುಪಿನ ಚಿತ್ರಗಳಿಗೆ ಹತ್ತಿಯಿಂದಲೂ ಸಣ್ಣ ಕುಂಚದಿಂದಲೂ ಬಣ್ಣ ಹಚ್ಚುವವಳು ಸೇವಂತಿ. ಗಿರಾಕಿ ಕುರ್ಚಿಯಿಂದ ಏಳುವ ಮೊದಲೇ ಸೀರೆ ಯಾವ ಬಣ್ಣ, ಅಂಚು ಯಾವ ಬಣ್ಣ ಎಂದು ಕಣ್ಣಲ್ಲಿ ತುಂಬಿಕೊಳ್ಳಬೇಕು. ಆಮೇಲೆ ಚಿತ್ರದಲ್ಲಿ ಹುಡುಕಿದರೆ ಸಿಗುವುದು ಬೂದಿಯ ಬಣ್ಣ ಮಾತ್ರ.

ಈ ಕಸುಬಿಗೆ ಅವಳನ್ನು ಎಳೆದದ್ದು ಗೋಡೆಯಲ್ಲಿ ತೂಗುತ್ತಿದ್ದ ಒಂದು ಚಿತ್ರ. ಕಾಪುವಿನಿಂದ ಮಾವನ ಮನೆಗೆ ಬಂದ ಹೊಸತರಲ್ಲಿ ಅವಳು ಅದರ ಕೆಳಗೆ ಊಟ ಮರೆತು ನಿಂತಿದ್ದಳು. ಕಾಡಿನೊಳಗಿನ ಒಂದು ಗವಿ, ಅದರ ಮಾಡಿನಲ್ಲೊಂದು ತೂತು, ತೂತಿನಿಂದ ನೀರಿಗೆ ಬಿದ್ದ ನಡುಹಗಲಿನ ಬೆಳಕು. ಮಾವ ಪ್ರಾಯದಲ್ಲಿ ತೆಗೆದದ್ದು. ಕತ್ತಲೆಯನ್ನು ಎಲ್ಲಿ ಬಿಟ್ಟರೆ ಬೆಳಕು ಬೆಳಕಾಗುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆ ಚಿತ್ರವನ್ನು ನೋಡಿ ನೋಡಿಯೇ ಕಲಿತಿದ್ದಳು.

ಹಿಂದಿನ ವರ್ಷದ ಮಳೆಗೆ ಗೋಡೆ ಸೋರಿ ಆ ಚಿತ್ರ ಬೂಷ್ಟು ಹಿಡಿದು ಹೋಯಿತು. ಮತ್ತೆ ಅಚ್ಚು ತೆಗೆಯೋಣವೆಂದರೆ ಅದರ ಗಾಜಿನ ಪ್ಲೇಟು ಎಂದೋ ಒಡೆದಿತ್ತು. ಈಗ ಮಾವನ ಕಣ್ಣಿಗೆ ಪೊರೆ. ಶಸ್ತ್ರಚಿಕಿತ್ಸೆ ಮಾಡಿದರೆ ದೃಷ್ಟಿ ಬರಲೂಬಹುದು, ಇದ್ದದ್ದೂ ಹೋಗಬಹುದು ಎಂದಿದ್ದರು ಡಾಕ್ಟರು. ಮೂಗಿನ ಹತ್ತಿರ ಹಿಡಿದರೆ ಬಣ್ಣಗಳು ಮಾತ್ರ ಇನ್ನೂ ಕಾಣುತ್ತಿದ್ದವು.

"ಆವತ್ತು ಬೆಳಕು ಎಷ್ಟು, ನೆರಳು ಎಷ್ಟು ಅಂತ ಅಳೆಯುವುದರಲ್ಲೇ ಹೋಯಿತು," ಎಂದು ಮಾವ ಎಷ್ಟೋ ಸಲ ಕೊರಗಿದ್ದರು. "ಆ ನೀರು ಯಾವ ಬಣ್ಣ ಇತ್ತು ಅಂತ ನೋಡಲೇ ಇಲ್ಲ ನಾನು. ಕಣ್ಣು ಹೋಗುವ ಮೊದಲು ನೀನು ಹಚ್ಚಿದ ಬಣ್ಣದಲ್ಲಾದರೂ ಒಮ್ಮೆ ನೋಡಬೇಕು."

ಆ ಗವಿ ಇದ್ದದ್ದು ಮುಲುಂಡಿನ ಗುಡ್ಡದಲ್ಲಿ. ಸ್ಟೇಷನ್ನಿನಲ್ಲಿ ದಾನಪ್ಪ ಕಾದಿದ್ದ. ಬೆಳಗಾವಿ ಕಡೆಯವನು. ಗುಡ್ಡದಾಚೆಯ ಕೆರೆಯಿಂದ ಪೇಟೆಗೆ ಬರುವ ನೀರಿನ ಪೈಪು ಕಾಯುವ ಕೆಲಸ; ಗುಡ್ಡದ ದಾರಿಗಳು ಗೊತ್ತು. ಪೆಟ್ಟಿಗೆಯನ್ನು ತಲೆಗೇರಿಸಿದವನೇ ಕುತ್ತಿಗೆ ಸೊಟ್ಟ ಮಾಡಿದ.

"ಅಕ್ಕಾರ, ಇದರಾಗ ಫೋಟೋ ತಗಿಯೂದು ಐತೋ, ಬೀಸೂ ಕಲ್ಲ ಐತೋ?"

"ಬೀಳಿಸಿದ್ರೆ ಗೊತ್ತಾಗ್ತದೆ, ಮಾವ ನಿಮ್ಮನ್ನೇ ಬೀಸ್ತಾರೆ," ಎಂದಳು ಸೇವಂತಿ.

ಸ್ಟೇಷನ್ನಿನ ಗದ್ದಲ ಹಿಂದೆ ಉಳಿಯಿತು. ಹುಲ್ಲು ಎದೆಯೆತ್ತರಕ್ಕೆ ಬೆಳೆದ ಇಳಿಜಾರು, ಆಮೇಲೆ ತೇಗದ ಮರಗಳು, ಕೊಡೆಯಷ್ಟಗಲದ ಎಲೆಗಳಿಂದ ಇನ್ನೂ ತೊಟ್ಟಿಕ್ಕುವ ಹಿಂದಿನ ರಾತ್ರಿಯ ಮಳೆ. ಏರು ಹತ್ತಿ ತಿರುಗಿ ನೋಡಿದರೆ ರೈಲು ಹಳಿ ಎರಡು ಎಳೆ ದಾರದಂತೆ ಕಂಡಿತು. ಅದರಾಚೆ ಕಡಲಿನಿಂದ ಒಳಚಾಚಿದ ಖಾಡಿಯ ನೀರು ಮಂಜಿನಲ್ಲಿ ಮಸುಕಾಗಿತ್ತು. ಮಾವ ಸೇವಂತಿಯ ಹೆಗಲು ಹಿಡಿದು ನಡೆಯುತ್ತಿದ್ದರು. ಕಲ್ಲು ಬಂದಾಗ "ಕಲ್ಲು", ಬೇರು ಬಂದಾಗ "ಬೇರು" ಎನ್ನುತ್ತಾ ಅವಳು ಮುಂದೆ ಸಾಗಿದಳು.

ಹಳ್ಳ ಅಡ್ಡ ಬಂತು. ಕೆಂಪು ನೀರು, ಸೆಳೆತ ಜೋರು.

ದಾನಪ್ಪ ಮೊದಲು ಇಳಿದ. ಸೊಂಟದವರೆಗೆ ನೀರು. ನಡುವೆ ಕಾಲು ಜಾರಿತು. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು.

"ದಾನಪ್ಪಾ!" ಎಂದು ಸೇವಂತಿ ಕಿರುಚಿದಳು.

ಅವನು ಕತ್ತಿನವರೆಗೆ ಮುಳುಗಿದ, ಆದರೆ ಎರಡು ಕೈಯೂ ನೀರಿನ ಮೇಲೇ ಇದ್ದವು. ಪೆಟ್ಟಿಗೆ ಒದ್ದೆಯಾಗಲಿಲ್ಲ. ಮಾವ ಮತ್ತು ಸೇವಂತಿ ಬಂಡೆಯಿಂದ ಬಂಡೆಗೆ ತಡಕುತ್ತಾ, ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ದಾಟಿದರು.

ಹಳ್ಳದ ಆಚೆ ದಡದಲ್ಲೇ ಗವಿಯ ಬಾಯಿ ಬಳ್ಳಿಗಳ ಹಿಂದೆ ಅಡಗಿತ್ತು. ದಾನಪ್ಪ ಪೆಟ್ಟಿಗೆ ಇಳಿಸಿ ಹೊರಗೇ ಕೂತ.

"ನಾ ಇಲ್ಲೇ ಕಾಯ್ತೀನ್ರಿ, ಚಿರತಿ ಹೆಜ್ಜಿ ಅದಾವ. ಒಳಗ ಬೀಡಿ ಗೀಡಿ ಹಚ್ಚಬ್ಯಾಡ್ರಿ. ಮ್ಯಾಲ ಹೆಜ್ಜೇನ ಐತಿ. ಹೊಗಿ ಬಡದ್ರ ಬಿಡೂದಿಲ್ಲ ಅವು."

"ನಮ್ಮಲ್ಲಿ ಬೀಡಿ ಸೇದುವವರು ಯಾರಿದ್ದಾರೆ ಮಾರಾಯ್ರೇ!" ಎಂದು ಸೇವಂತಿ ನಕ್ಕಳು.

ಒಳಗೆ ತಂಪು. ನೀರು ಕಪ್ಪಗೆ, ಅಲುಗದೆ ಮಲಗಿತ್ತು. ಮಾವ ಬೆರಳುಗಳಿಂದಲೇ ಮುಕ್ಕಾಲಿ ನಿಲ್ಲಿಸಿ, ಕ್ಯಾಮರಾ ಕೂರಿಸಿ, ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಸೂರ್ಯ ಇನ್ನೂ ತೂತಿನ ನೆತ್ತಿಗೆ ಬಂದಿರಲಿಲ್ಲ.

ಸೇವಂತಿಯ ಕೈ ಸುಮ್ಮನಿರಲಿಲ್ಲ. ಸ್ಟುಡಿಯೋದಲ್ಲಿ ದಿನದ ಮೊದಲ ಚಿತ್ರಕ್ಕೆ ಮುಂಚೆ ಕ್ಯಾಮರಾಕ್ಕೆ ಊದುಬತ್ತಿ ಬೆಳಗುವುದು ಅವಳೇ. ಇಂಥ ದಿನ ಬೆಳಗದೆ ಇರುವುದುಂಟೇ? ಸೆರಗಿನ ಗಂಟಿನಿಂದ ಒಂದು ಹಿಡಿ ಊದುಬತ್ತಿ ತೆಗೆದಳು, ಕಡ್ಡಿ ಗೀರಿದಳು, ಮೂರು ಸುತ್ತು ಬೆಳಗಿ ಬಂಡೆಯ ಬಿರುಕಿನಲ್ಲಿ ಸಿಕ್ಕಿಸಿದಳು. ಹೊಗೆ ನೆಟ್ಟಗೆ ಮೇಲೇರಿತು.

ಅದೂ ಹೊಗೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಅವಳ ಪಾಲಿಗೆ ಅದು ಪೂಜೆ.

ಮೇಲೆ ಏನೋ ಗುಂಯ್ ಎಂದಿತು.

"ಬೆಳಕು ಬಂತಾ?" ಬಟ್ಟೆಯೊಳಗಿಂದ ಮಾವ ಕೇಳಿದರು.

"ಬರ್ತಾ ಉಂಟು ಮಾವ—"

ಮಾಡಿನ ಕತ್ತಲೆಯೇ ಕಳಚಿ ಬಿದ್ದಂತಾಯಿತು. ಒಂದು ಅವಳ ಹಣೆಗೆ ಕುಟುಕಿತು. ಇನ್ನೊಂದು ತುಟಿಗೆ. ಆಮೇಲೆ ಎಣಿಕೆಯಿಲ್ಲ.

"ಹೆಜ್ಜೇನು! ಮಾವ, ಓಡಿ!"

"ಬೆಳಕು ಬಂತು," ಎಂದರು ಮಾವ. ಪ್ಲೇಟು ಒಳಗೆ ಸರಿದ ಸದ್ದು ಕೇಳಿಸಿತು. "ನೋಡು ಸೇವಂತಿ. ನೋಡು!"

ಅವಳು ನೋಡಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಬಂಡೆಗೆ ಹಣೆಯೊತ್ತಿ ಮುದುರಿದಳು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಜೇನಿನ ಮೊರೆತದ ನಡುವೆ ಮಾವ ತುಳುವಿನಲ್ಲಿ ಎಣಿಸುವುದು ಮಾತ್ರ ಕೇಳುತ್ತಿತ್ತು. "ಒಂಜಿ... ರಡ್ಡ್... ಮೂಜಿ..." ಬೆಳಕು ಪ್ಲೇಟಿಗೆ ಇಳಿಯಲೆಂದು ತೆಗೆದ ಲೆನ್ಸಿನ ಮುಚ್ಚಳ ಹಿಡಿದ ಬರಿಗೈ ಹೊರಗಿತ್ತು. ಅದನ್ನು ಜೇನು ಮುತ್ತಿತ್ತು. ಆದರೂ ಎಣಿಕೆ ತಪ್ಪಲಿಲ್ಲ.

ಮುಚ್ಚಳ ಟಪ್ಪೆಂದು ಕೂತಿತು.

ದಾನಪ್ಪ ತನ್ನ ಹೆಗಲಿನ ಕಂಬಳಿ ಹಿಡಿದು ನುಗ್ಗಿದ. "ಬರ್ರಿ! ಬರ್ರಿ! ಹಳ್ಳಕ್ಕ ಬೀಳ್ರಿ!" ಒಂದೇ ಕಂಬಳಿಯೊಳಗೆ ಮೂವರೂ ಎಡವುತ್ತಾ ಓಡಿದರು. ಕೆಂಪು ನೀರಿನಲ್ಲಿ ಮುಳುಗಿ, ಉಸಿರಿಗಾಗಿ ಎದ್ದು, ಮತ್ತೆ ಮುಳುಗಿದರು. ಮುಚ್ಚಿದ ಚೌಕಟ್ಟಿನೊಳಗಿನ ಪ್ಲೇಟನ್ನು ಮಾವ ನೀರಿನ ಮೇಲೆ ಎತ್ತಿ ಹಿಡಿದಿದ್ದರು.

ಮೊರೆತ ಅಡಗಿದ ಮೇಲೆ ದಾನಪ್ಪ ತೆವಳುತ್ತಾ ಹೋಗಿ ಕ್ಯಾಮರಾ ತಂದ. ಅವನ ಒಂದು ಕಿವಿ ಇಡ್ಲಿಯಂತೆ ಊದಿತ್ತು.

"ಬೀಡಿ ಯಾರ ಹಚ್ಚಿದ್ರೀ?"

ಸೇವಂತಿಯ ಬೆರಳುಗಳಿಂದ ಊದುಬತ್ತಿಯ ಗಂಧ ಇನ್ನೂ ಹೋಗಿರಲಿಲ್ಲ.

ಇಳಿಯುವ ದಾರಿ ಹತ್ತಿದ್ದಕ್ಕಿಂತ ಉದ್ದವಾಯಿತು. ಓಡುವಾಗ ಜೇನು ಕುಟುಕಿ ಮಾವನ ರೆಪ್ಪೆಗಳು ಊದಿ ಪೂರ್ತಿ ಮುಚ್ಚಿಕೊಂಡಿದ್ದವು. "ಕಲ್ಲು," ಎಂದಳು ಸೇವಂತಿ. "ಬೇರು." ಮುಲುಂಡಿನ ದೀಪಗಳು ಕಾಣುವಾಗ ಮಾವ ಮೆಲ್ಲಗೆ ಕೇಳಿದರು.

"ನೀರು ಯಾವ ಬಣ್ಣ ಇತ್ತು ಮಗಾ?"

"ಕಲ್ಲು," ಎಂದಳು ಅವಳು.

ಊತ ಇಳಿದ ಮೇಲೆ ಸ್ಟುಡಿಯೋದಲ್ಲಿ ಪ್ಲೇಟು ತೊಳೆದು ನೋಡಿದರೆ ಚಿತ್ರ ಬಂದಿತ್ತು. ಹಳೆಯದಕ್ಕಿಂತ ಚೆನ್ನಾಗಿಯೇ ಬಂದಿತ್ತು. ಹೊಗೆ ಹಬ್ಬಿದ್ದರಿಂದ ಬೆಳಕಿನ ಕಂಬ ಮೇಲಿನಿಂದ ನೀರಿನವರೆಗೆ ಇಡಿಯಾಗಿ ನಿಂತಿತ್ತು. ಜೇನುಗಳು ಅದರೊಳಗೆ ಸಣ್ಣ ಗೀರುಗಳಾಗಿದ್ದವು.

ಬಣ್ಣದ ಬಟ್ಟಲುಗಳ ಮುಂದೆ ಸೇವಂತಿ ಕೂತಳು. ಹಸಿರು ಕಲಸಿದಳು, ಒರೆಸಿದಳು. ನೀಲಿ ಕಲಸಿದಳು, ಒರೆಸಿದಳು. ಯಾವುದನ್ನು ಹಚ್ಚಿದರೂ ಮಾವ ನಂಬುತ್ತಿದ್ದರು. ಅದಕ್ಕೇ ಹಚ್ಚಲಾಗಲಿಲ್ಲ.

ಕೊನೆಗೆ ಎಲ್ಲಕ್ಕಿಂತ ಸಣ್ಣ ಕುಂಚ ಎತ್ತಿಕೊಂಡಳು.

ಮಾವ ಚಿತ್ರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಸರಿಸಿದರು. ಬೂದು, ಬೂದು, ಬೂದು. ಮೂಲೆಯ ಬಂಡೆಯ ಹತ್ತಿರ ಬಂದಾಗ ಕೈ ನಿಂತಿತು.

"ಇಲ್ಲಿ ಕೆಂಪು ಎಂತದೋ ಉಂಟಲ್ಲ?"

"ಊದುಬತ್ತಿ ಮಾವ. ನಾನು ನೋಡಿದ್ದು ಅದೊಂದೇ."

ಅವರು ಬಹಳ ಹೊತ್ತು ಆ ಚುಕ್ಕೆಯನ್ನೇ ನೋಡಿದರು. ಆಮೇಲೆ ಹಳೆಯ ಮೊಳೆ ಎಲ್ಲಿದೆಯೆಂದು ಗೋಡೆಯನ್ನು ತಡವಿ, ಚಿತ್ರವನ್ನು ತಾವೇ ತೂಗುಹಾಕಿದರು.

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಕುರ್ಚಿಯಲ್ಲಿ ಕೂತಾಗ, ಕಡ್ಡಿಪೆಟ್ಟಿಗೆ ಹಿಡಿದ ಸೇವಂತಿಯ ಕೈ ಅಲ್ಲೇ ತಡೆಯಿತು.

"ಹಚ್ಚು ಮಾರಾಯ್ತಿ," ಎಂದರು ಮಾವ. "ಇಲ್ಲಿ ಜೇನಿಲ್ಲ."