ಗುರುವಾರದ ತಲೆನೋವು

ಗುರುವಾರ ಬಂತೆಂದರೆ ಬೀರೇಶನಿಗೆ ಖಾನಾಪುರದ ಬಸ್ ಸ್ಟ್ಯಾಂಡೇ ಬೇಸರ.

ಉಳಿದ ದಿನ ಹಾಗಲ್ಲ. ಬೆಳಗಾವಿಯಿಂದ ಬರುವ ಹಲಸಿ ಬಸ್ಸಿನ ಕಿಟಕಿ ಪಕ್ಕದಲ್ಲಿ ಪೂರ್ಣಿಮಾ, ಅವಳ ಬಾಜೂ ಸೀಟಿನಲ್ಲಿ ಅವಳ ಚೀಲ. ಇವನು ಹತ್ತಿದೊಡನೆ ಚೀಲ ಅವಳ ತೊಡೆಗೇರುತ್ತಿತ್ತು. ಇಬ್ಬರೂ ಒಂದೇ ಶಾಲೆಯ ಶಿಕ್ಷಕರು. ಅವಳದು ಕನ್ನಡ, ಇವನದು ಗಣಿತ. ಊರ ಮೇಲಿನ ಮಾತೆಲ್ಲ ಆಡುತ್ತಿದ್ದರು. ಆಡಬೇಕಾದ ಒಂದು ಮಾತು ಮಾತ್ರ ದಿನವೂ ಉಳಿದುಬಿಡುತ್ತಿತ್ತು.

ಗುರುವಾರ ಆ ಸೀಟಿನಲ್ಲಿ ರೋಹನ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ಜೊತೆ ಮಾತಾಡಲು ವಾರಕ್ಕೊಮ್ಮೆ ಬೆಳಗಾವಿಯಿಂದ ಬರುವ ಕೌನ್ಸೆಲರ್. ಇಸ್ತ್ರಿ ಮುರಿಯದ ಅಂಗಿ, ಮೆಲುದನಿ. ಮೇಲಾಗಿ ಪೂರ್ಣಿಮಾಳ ಹಾಗೆ ಲಿಂಗಾಯತರ ಮನೆಯವನು. ಪಾರಿಶ್ವಾಡದಲ್ಲಿ ಕುರಿ ಕಾಯ್ದವರ ಮಗ ಬೀರೇಶ ಹಿಂದಿನ ಕಂಬ ಹಿಡಿದು ನಿಂತು, ಆ ಎರಡು ತಲೆಗಳ ನಡುವಿನ ಅಂತರ ಅಳೆಯುತ್ತಿದ್ದ. ಪ್ರತಿ ತಿರುವಿಗೂ ಅದು ಕಡಿಮೆಯಾದಂತೆ ಕಾಣುತ್ತಿತ್ತು.

"ಸರ್, ಮುಂದ ಬರ್ರಿ, ಸರ್ಕೊಂಡು ಕುಂದ್ರೂಣು," ಎಂದ ರೋಹನ.

"ಇರಲಿ ಬಿಡ್ರಿ. ನಮಗ ನಿಂತು ಹೋಗೂದು ರೂಢಿ ಐತಿ."

ಪೂರ್ಣಿಮಾ ತಿರುಗಿದಳು. ಹುಬ್ಬು ಮೇಲೇರಿತ್ತು, ತುಟಿಯಂಚಿನಲ್ಲಿ ನಗೆ ಇಣುಕಿತ್ತು. "ಮುಖಾ ಯಾಕ ಹಾಗಲಕಾಯಿ ತಿಂದಂಗ ಮಾಡೀರಿ?"

"ನನ್ನ ಮುಖಾನ ಹಂಗ."

"ಸುಳ್ಳ. ನಿನ್ನೆ ಚಂದ ಇತ್ತು."

ಬೇರೆ ದಿನವಾಗಿದ್ದರೆ ಆ ಒಂದು ಮಾತು ಸಂಜೆತನಕ ಸಾಕಿತ್ತು. ಇವತ್ತು ಅದೂ ಸಿಹಿಯಾಗಲಿಲ್ಲ. ಪ್ರಾರ್ಥನೆಯಲ್ಲಿ ಅವಳು ವಚನ ಹೇಳಿಸಿದಾಗ ರೋಹನ ಒಂದಕ್ಷರ ತಪ್ಪದೆ ದನಿಗೂಡಿಸಿದ. ಅದು ಇವನಿಗೆ ಚುಚ್ಚಿತು. ಶರಣರ ಮಾತೂ ಚುಚ್ಚುವಷ್ಟು ಮನಸ್ಸು ಹುಣ್ಣಾಗಿತ್ತು.

ಅದೇ ಹುಣ್ಣು ಹೊತ್ತು ಆರನೇ ತರಗತಿಗೆ ಹೋದ. "ಸೃಷ್ಟಿ, ಬೋರ್ಡಿಗೆ ಬಾ!"

ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ. ಈಗೀಗ ಮಾರ್ಕ್ಸು ಜಾರುತ್ತಿತ್ತು. ತಲೆನೋವೆಂದು ಖಾನಾಪುರದಲ್ಲಿ ಕಣ್ಣು, ರಕ್ತ ಎಲ್ಲ ತೋರಿಸಿಯಾಗಿತ್ತು, ಏನೂ ಸಿಕ್ಕಿರಲಿಲ್ಲ. ಇವತ್ತೂ ಭಿನ್ನರಾಶಿಯ ಮುಂದೆ ನಿಂತು ಹಣೆ ಒತ್ತಿಕೊಂಡಳು.

"ಸರ್, ತಲಿ ಬ್ಯಾನಿ ಆಗಾಕತ್ತೈತಿ."

"ಗಣಿತ ಬಂದ್ರ ಅಷ್ಟ ಬ್ಯಾನಿ ಆಗ್ತೈತೇನು ನಿನ್ನ ತಲಿ?"

ತರಗತಿ ನಕ್ಕಿತು. ಸೃಷ್ಟಿ ಅತ್ತಳು. ಅವಳ ದನಿ ಕೇಳಿ ಪಕ್ಕದ ಕೋಣೆಯಿಂದ ಬಂದ ಪೂರ್ಣಿಮಾ, ಬೀರೇಶನನ್ನು ಒಮ್ಮೆ ನೋಡಿ, ಹುಡುಗಿಯ ಹೆಗಲು ಹಿಡಿದು ಕರೆದೊಯ್ದಳು. ಆ ನೋಟದಲ್ಲಿ ನಗೆ ಇರಲಿಲ್ಲ.

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದವನು ಅಲ್ಲೇ ನಿಂತ. ಒಳಗೆ ಅವರಿಬ್ಬರೇ. ಪೂರ್ಣಿಮಾಳ ಕೆನ್ನೆ ಕೆಂಪಾಗಿತ್ತು.

"ಬೀರೇಶ ಸರ್‌ಗೆ ನಾ ಹೆಂಗ ಹೇಳಲಿ? ಭಾಳ ನೊಂದ್ಕೋತಾರ," ಎನ್ನುತ್ತಿದ್ದಳು.

ಬೀರೇಶ ಒಳಗೆ ನುಗ್ಗಿದ. "ಹೇಳಿಬಿಡ್ರಿ. ಲಗ್ನ ಯಾವಾಗ?"

"ಯಾರದ್ರಿ?" ರೋಹನ ಬೆಪ್ಪಾದ. ಇಬ್ಬರ ಮುಖವನ್ನೂ ನೋಡಿ ಎದ್ದ. "ಮೇಡಂ, ಇದನ್ನ ನೀವ ಹೇಳ್ರಿ. ನಾ ಊಟಕ್ಕ ಹೋಗ್ತೇನಿ."

ಅವನು ಹೋದ ಮೇಲೆ ಪೂರ್ಣಿಮಾ ಸೆರಗಿನ ಅಂಚು ತಿರುವುತ್ತ ನಿಂತಳು.

"ಸೃಷ್ಟಿಗೆ ಗುರುವಾರ ಮಾತ್ರ ತಲಿ ಬ್ಯಾನಿ ಬರ್ತೈತಿ. ಗುರುವಾರ ಸಾಲ್ಯಾಗ ಏನಾಗ್ತೈತಿ ಅಂತ ರೋಹನ ಕೇಳಿದ್ರು. ಅವತ್ತ ನಮ್ಮ ಗಣಿತದ ಸರ್‌ಗೆ ಸಿಟ್ಟು ಬರ್ತೈತಿ ಅಂದೆ. ಯಾಕ ಅಂತ ಕೇಳಿದ್ರು."

"ಏನಂದ್ರಿ?"

"ಏನನ್ನಲಿ? ನನ್ನ ಬಾಜೂ ನೀವು ಕುಂತಿದ್ದಕ್ಕ ಅಂತ ಅವರಿಗೇ ಅನ್ನಲೇನು? ಆ ಹುಡುಗಿಗೆ ನಿಮ್ಮ ಗಣಿತ ಅಂದ್ರ ಜೀವಾ. ಬುಧವಾರ ರಾತ್ರಿ ಉಣ್ಣಂಗಿಲ್ಲಂತ, ಮಲಗಂಗಿಲ್ಲಂತ. 'ನಾಳೆ ಸರ್‌ಗೆ ನಾ ಬ್ಯಾಡಾಗ್ತೇನಿ' ಅಂತ ಅವ್ವನ ಮುಂದ ಅಳ್ತಾಳಂತ."

ಬೀರೇಶ ಕುರ್ಚಿಗೆ ಕುಸಿದ. ಬುಧವಾರ ರಾತ್ರಿ ಅವನೂ ಉಣ್ಣುತ್ತಿರಲಿಲ್ಲ. ನಾಳೆ ಪೂರ್ಣಿಮಾಗೆ ನಾನು ಬೇಡವಾಗುತ್ತೇನೆ: ಇದೇ ಮಾತು ಅವನನ್ನು ಹೊರಳಾಡಿಸುತ್ತಿತ್ತು. ತಾನು ತಾಳಲಾರದ್ದನ್ನು ಒಂದು ಎಳೆ ಜೀವದ ತಲೆಯ ಮೇಲೆ ಹೊರಿಸಿದ್ದ.

ಎದ್ದು ಹೊರಗೆ ಹೋದ. ಕಟ್ಟೆಯ ಮೇಲೆ ಸೃಷ್ಟಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಅವಳ ಬಾಜೂ ಕೂತ.

"ಸಿಟ್ಟು ನಿನ್ನ ಮ್ಯಾಲಿಲ್ಲವ್ವ. ಎಂದೂ ಇರಲಿಲ್ಲ. ತಪ್ಪು ನಂದು."

"ಮತ್ತ್ಯಾರ ಮ್ಯಾಲ ಸರ್?"

"ನನ್ನ ಮ್ಯಾಲ. ಒಬ್ಬರನ್ನ ಒಂದು ಮಾತು ಕೇಳಬೇಕಿತ್ತು. ಧೈರ್ಯ ಸಾಲವಲ್ದು."

ಸೃಷ್ಟಿ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ತಿಳೀಲಿಲ್ಲಂದ್ರ ಕೈ ಎತ್ತಿ ಕೇಳಬೇಕು ಸರ್. ಯಾರೂ ಹೊಡಿಯೂದಿಲ್ಲ."

ಬಾಗಿಲಲ್ಲಿ ಪೂರ್ಣಿಮಾ ನಿಂತಿದ್ದಳು. ಬೀರೇಶ ಅವಳತ್ತ ತಿರುಗಿ, ಬಲಗೈ ಎತ್ತಿದ.

"ಇಳಸ್ರಿ! ಹುಡುಗೂರು ನೋಡಾಕತ್ತಾರ."

ಅವನು ಇಳಿಸಲಿಲ್ಲ. ಅವಳ ಕಣ್ಣು ತುಂಬಿತು, ತುಟಿ ಅರಳಿತು.

"ಹೂಂ," ಎಂದಳು.

"ನಾ ಇನ್ನೂ ಕೇಳೇ ಇಲ್ಲ."

"ನಮ್ಮ ಅಪ್ಪಾರ ಮುಂದ ಕೇಳ್ರಿ. ಅಲ್ಲೂ ಹಿಂಗ ಕೈ ಎತ್ತತೀರೇನು?"

"ಅಲ್ಲಿ ಎರಡೂ ಕೈ ಎತ್ತಿ ಮುಗೀತೇನಿ."