ಶಿವಿಯ ಕಣ್ಣು

“ಕಾಯಿಲೆ ಮಗೂನ ಚಿತ್ರ ಬರೀರಿ, ಬ್ಯಾಡ ಅನ್ನಲ್ಲ. ಕಣ್ಣು ಮಾತ್ರ ನಿಮ್ಮ ಬ್ರಷ್‌ನಲ್ಲೇ ಬರೀರಿ. ಆ ಮನೆಯೋರು ಕೊಟ್ಟಿದ್ದು ಮುಟ್ಟಬ್ಯಾಡ್ರಿ. ಕಾಯಿಲೆ ಎಲ್ಲಿಗೆ ಇಳೀತೈತೋ ಗೊತ್ತಾಗಲ್ಲ. ಬರೆದ ಕಣ್ಣು ಅಳಿಸಲೂಬ್ಯಾಡ್ರಿ.”

ಚಳ್ಳಕೆರೆಯ ಬೋರ್ಡ್ ಪೇಂಟರ್ ನೂರ್ ಅಹಮ್ಮದ್ ಟರ್ಪೆಂಟೈನ್ ಬಾಟಲಿ ಕೊಡುತ್ತ ತಗ್ಗಿದ ದನಿಯಲ್ಲಿ ಹೇಳಿದ. ದಾವಣಗೆರೆಯಿಂದ ಬಂದಿದ್ದ ಕಲಾವಿದ ಸಂಗಮೇಶ್ ನಕ್ಕುಬಿಟ್ಟ. “ಅದು ನನ್ನ ಹೆಂಡ್ತಿ ತವರುಮನೆ ಸಾಹೇಬ್ರೆ. ಅಲ್ಲಿ ನಂಗ್ಯಾರು ಮಾಟ ಮಾಡ್ತಾರೆ?”

ರಾಂಪುರದ ಆ ಮನೆಯ ಒಳಕೋಣೆಯಲ್ಲಿ ನಡುಹಗಲಲ್ಲೂ ಕತ್ತಲೆ. ಬೇವಿನ ಹೊಗೆ, ಹರಳೆಣ್ಣೆ, ಬೆವರಿದ ಹಾಸಿಗೆಯ ವಾಸನೆ. ಭಾಮೈದ ಮಾರುತೇಶನ ಐದು ವರ್ಷದ ಮಗಳು ಶಿವಿ ಮೂರು ತಿಂಗಳಿಂದ ಮೈಯುರಿಯಲ್ಲಿ ನರಳುತ್ತಿದ್ದಳು. ಡಾಕ್ಟರುಗಳು ಕೈಚೆಲ್ಲಿದ್ದರು. “ಉಳಿಯೋದು ಅನುಮಾನ, ಭಾವ. ಒಂದು ಚಿತ್ರನಾದ್ರೂ ಇರ್ಲಿ,” ಎಂದು ಮಾರುತೇಶ ಅತ್ತಿದ್ದ. ಮೂಲೆಯಲ್ಲಿ ಅತ್ತೆ ತಿಪ್ಪೇರುದ್ರಮ್ಮ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು.

ಸಂಗಮೇಶ್ ಇದ್ದಿಲಿನಿಂದ ಗೆರೆ ಎಳೆದ. ಮಣ್ಣುಗೆಂಪಿಗೆ ಹಳದಿ ಬೆರೆಸಿ ಕೆನ್ನೆ ತುಂಬಿದ. ಬಿರಿದ ತುಟಿ ಬರೆಯತೊಡಗಿದ. ಚಿತ್ರದಲ್ಲಿ ತುಟಿ ಬಿರಿದಂತೆಲ್ಲ ಹಾಸಿಗೆಯಲ್ಲಿದ್ದ ಮಗುವಿನ ತುಟಿ ಹಸಿಯಾಯಿತು. ನರಳಿಕೆ ತಗ್ಗಿತು. ಕಾಕತಾಳೀಯ ಎಂದುಕೊಂಡ. ಬುದ್ಧಿವಂತರಿಗೆ ಆ ಒಂದು ಪದ ಸಿಕ್ಕರೆ ಸಾಕು.

ಕಣ್ಣಷ್ಟೇ ಉಳಿದಿತ್ತು. ಮಾರುತೇಶ ಸಣ್ಣದೊಂದು ಬ್ರಷ್ ಮುಂದೆ ಹಿಡಿದ. “ಅವ್ವ ಕಟ್ಟಿದ್ದು, ಭಾವ. ಇದ್ರಲ್ಲೇ ಬರೀರಿ.”

ನೂರ್ ಅಹಮ್ಮದನ ಮಾತು ನೆನಪಾಗಿ ಸಂಗಮೇಶನಿಗೆ ನಗು ಬಂತು. ಆದರೆ ಎಂಥ ಕೂದಲು! ಒಮ್ಮೆಯೂ ಕತ್ತರಿ ಕಾಣದ, ತುದಿಗೆ ತಾನೇ ಸಣ್ಣಗಾದ ಕೂದಲು. ಅಂಥ ಮೊನೆ ಅಂಗಡಿಯ ಬ್ರಷ್‌ಗೆ ಎಲ್ಲಿಂದ ಬರಬೇಕು? ಆಸೆಯಾಯಿತು. ಬರೆದ.

ಎಡಗಣ್ಣು. ಬಲಗಣ್ಣು. ಬೆಳಕಿನ ಚುಕ್ಕಿ.

ಶಿವಿ ಎದ್ದು ಕೂತಳು. “ಅಜ್ಜಿ, ಅನ್ನ.”

ಜೇಬಿನಲ್ಲಿ ಫೋನು. ದಾವಣಗೆರೆಯಿಂದ ಹೆಂಡತಿ ಶಿಲ್ಪಾ. “ರೀ, ಅಮ್ಮು ಉರಿ ಉರಿ ಅಂತ ಹೊರಳಾಡ್ತಾಳೆ! ತುಟಿ ಬಿರಿದು ರಕ್ತ ಬರ್ತೈತೆ!”

ಚಿತ್ರ ನೋಡಿದ. ಕಣ್ಣು ಶಿವಿಯದಲ್ಲ. ಮೂರು ವರ್ಷದ ತನ್ನ ಮಗಳು ಅಮ್ಮುವಿನದು.

ಹೋದ ತಿಂಗಳು ಅಮ್ಮುವಿನ ಜಾವಳ. ಹುಟ್ಟುಗೂದಲನ್ನು ಸೋದರಮಾವನೇ ಮೊದಲು ತೆಗೆಯಬೇಕು. ಮಾರುತೇಶ ತೊಡೆಯ ಮೇಲೆ ಕೂರಿಸಿಕೊಂಡು ತೆಗೆದಿದ್ದ. “ಹೊಳೆಗೆ ನಾನೇ ಬಿಡ್ತೀನಿ, ಭಾವ,” ಎಂದು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿದ್ದ.

“ಸೋದರಮಾವ ಅಂತ ತಲೆ ಕೊಟ್ಟೆವಲ್ಲೋ! ನಂಬಿಸಿ ಕತ್ತು ಕೊಯ್ದೆಯಲ್ಲೋ!” ಸಂಗಮೇಶ್ ಕೂಗಿದ.

“ನನ್ನ ಮಗಳು, ಭಾವ...” ಮಾರುತೇಶ ತಲೆ ಎತ್ತಲಿಲ್ಲ. ತಿಪ್ಪೇರುದ್ರಮ್ಮನೂ ಎತ್ತಲಿಲ್ಲ. ಅಮ್ಮುವಿಗೂ ಅವಳೇ ಅಜ್ಜಿ.

ಸಂಗಮೇಶ್ ಬಟ್ಟೆಗೆ ಟರ್ಪೆಂಟೈನ್ ಸುರಿದ. ನೂರ್ ಅಹಮ್ಮದನ ಕೊನೆಯ ಮಾತು ನೆನಪಾಗುವ ಮೊದಲೇ ಕೈ ಹೋಗಿತ್ತು. ಒರೆಸಿದ. ಎರಡೂ ಕಣ್ಣು.

ಫೋನಿನಲ್ಲಿ ಅಳು ನಿಂತಿತು. ಆಮೇಲೆ ಅಮ್ಮುವಿನ ದನಿ, ಮೆಲ್ಲಗೆ: “ಅವ್ವ, ಲೈಟು ಹಾಕು.”

ಹೊರಗೆ ಸುಡುಬಿಸಿಲು. ಶಿವಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು.