ನೀಲಿ ಸೈಕಲ್ಲಿನ ಬಲಗಡೆ ಕಪ್

ಗೋಡೆಯ ಮೇಲೆ ಹನ್ನೆರಡು ಸೈಕಲ್ ಇರಬೇಕಿತ್ತು. ಹನ್ನೆರಡೂ ಇದ್ದವು. ಆದರೂ ಕಳ್ಳತನ ಆಗಿತ್ತು.

"ಇದು ನನ್ನದಲ್ಲ," ಎಂದರು ಹಳೇ ಸೈಕಲ್ ಕೂಡಿಡುವ ಹಲ್ಲಿನ ಡಾಕ್ಟರು, ನೀಲಿ ಸೈಕಲ್ಲಿನ ಕೊಳವೆಯನ್ನು ಉಗುರಿನಿಂದ ತಟ್ಟುತ್ತಾ. "ಟಪ್ ಅನ್ನುತ್ತೆ, ಕೇಳಿ. ನನ್ನದು ಠಣ್ ಅನ್ನೋದು. ಹಳೇ ಇಟಲಿ ಸೈಕಲ್ಲಿನ ಕೊಳವೆಯ ಉಕ್ಕು ನಡುಭಾಗದಲ್ಲಿ ಅಷ್ಟು ತೆಳ್ಳಗಿರುತ್ತೆ."

ಇನ್ಸ್‌ಪೆಕ್ಟರ್ ಮೇಡಂ ತಾವೂ ತಟ್ಟಿದರು. ಪಕ್ಕದ ಕೆಂಪು ಸೈಕಲ್ಲನ್ನೂ ತಟ್ಟಿದರು. ಠಣ್! ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟದವರು, ಈಗ ಮಕ್ಕಳ ಹಾಗೆ ಮತ್ತೆ ಮತ್ತೆ ತಟ್ಟಿದರು. ಬಣ್ಣ ಅದೇ, ಗೇರು ಅದೇ, ಸೀಟೂ ಅದೇ. ಫ್ರೇಮ್ ಮಾತ್ರ ಬೇರೆ.

"ಈ ಕೋಣೆಗೆ ಯಾರ್ಯಾರು ಬರ್ತಾರೆ?"

"ಇಬ್ಬರೇ. ಹದಿನೆಂಟು ವರ್ಷದಿಂದ ಇವನ್ನ ರಿಪೇರಿ ಮಾಡೋ ಮೆಕ್ಯಾನಿಕ್ಕು, ಮತ್ತೆ ನನ್ನ ಷಡ್ಡಕರು. ಅವರಿಗೂ ಇದೇ ಹುಚ್ಚು. ಅವರನ್ನ ಬಿಡಿ, ಮನೆಯವರು. ನಿನ್ನೆಯೇ ಮೆಕ್ಯಾನಿಕ್ಕಿನ ಮನೆಗೆ ಹೋಗಿ, ಸೈಕಲ್ ಕದ್ದ ಕಳ್ಳ ನೀನೇ ಅಂತ ಹೇಳಿ ಬಂದೆ."

"ಯಾವ ಸೈಕಲ್ ಅಂತ ಹೇಳಿದ್ರಾ?"

"ಎಲ್ಲಿ! ಕೋಪದಲ್ಲಿ ಬಾಯಿಗೆ ಬಂದಂಗೆ ಬೈದೆ, ಅಷ್ಟೆ. ಷಡ್ಡಕರಿಗೂ ಹೇಳಿಲ್ಲ."

"ಒಳ್ಳೇದಾಯ್ತು. ಯಾರಿಗೂ ಹೇಳಬೇಡಿ."

*

ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೇ ಆಗಿತ್ತು. ಸುದ್ದಿ ಬೀದಿಯೆಲ್ಲ ಹಬ್ಬಿತ್ತು.

"ಬೆಳಿಗ್ಗೆಯಿಂದ ಒಂದು ಪಂಚರ್ ಕೂಡ ಬಂದಿಲ್ಲ ಮೇಡಂ. ಕಳ್ಳನ ಹತ್ರ ಸೈಕಲ್ ಯಾರು ಬಿಡ್ತಾರೆ?"

ಅವನ ಹೆಬ್ಬೆರಳಿಗೆ ನೀಲಿ ಬಣ್ಣ ಮೆತ್ತಿತ್ತು. ಮೇಡಂ ಹುಬ್ಬೇರಿಸಿದರು. ಮನೆಯ ಕಿಟಕಿಗೆ ಬಳಿದದ್ದು ಎಂದ. ಅವರು ಹೋಗಿ ನೋಡಿಯೇ ಬಂದರು. ಬೆರಳಿನ ನೀಲಿ ಕಿಟಕಿಯದೇ, ಸೈಕಲ್ಲಿನ ನೀಲಿಯೇ ಬೇರೆ.

"ಇಟಲಿ ಸೈಕಲ್ಲನ್ನ ಹೇಗೆ ಗುರುತು ಹಿಡೀತೀಯಪ್ಪ?"

ಅವನ ಮುಖಕ್ಕೆ ಕಳೆ ಬಂತು. "ಬಣ್ಣ, ಸ್ಟಿಕ್ಕರ್ ನಂಬಬಾರದು. ಪೆಡಲಿನ ಅಚ್ಚು ಕೂರೋ ಕಪ್ ನೋಡಬೇಕು. ಬೀದೀಲಿ ಓಡಾಡೋ ಸೈಕಲ್ಲಲ್ಲಿ ಬಲಗಡೆ ಕಪ್ ಉಲ್ಟಾ. ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ. ಹಳೇ ಇಟಲಿದು ಬೇರೆಲ್ಲ ನಟ್ಟಿನ ಹಾಗೆ ಎಡಕ್ಕೇ."

*

ಮರುದಿನ ಮೇಡಂ ಮತ್ತು ಡಾಕ್ಟರು ಗುಟ್ಟಾಗಿ ನೀಲಿ ಸೈಕಲ್ಲಿನ ಕಪ್ ಪರೀಕ್ಷಿಸಿದರು. ಬಲಕ್ಕೆ ಬಿಚ್ಚಿತು. ಮತ್ತೆ ಬಿಗಿ ಮಾಡಿ, ನಿಜವಾದ ಇಟಲಿಯವೇ ಆದ ಕೆಂಪು ಮತ್ತು ಬಿಳಿ ಸೈಕಲ್ಲುಗಳ ಜೊತೆ ನಿಲ್ಲಿಸಿದರು.

ಮೊದಲು ಮೆಕ್ಯಾನಿಕ್ಕನ್ನು ಒಳಗೆ ಕರೆದರು.

"ಬಲಗಡೆ ಕಪ್ಪಿನೊಳಗೆ ನಂಬರ್ ಇರುತ್ತಂತೆ. ಮೂರನ್ನೂ ಬೇಗ ಬಿಚ್ಚು."

ಕೆಂಪು, ಎಡಕ್ಕೆ, ಬಿಚ್ಚಿತು. ಬಿಳಿಯೂ ಹಾಗೇ. ನೀಲಿಯನ್ನೂ ಎಡಕ್ಕೆ ತಿರುಗಿಸಿದ. ಅಲ್ಲಾಡಲಿಲ್ಲ. ಮೈಭಾರವೆಲ್ಲ ಹಾಕಿದ, ಬೆವೆತುಹೋದ.

"ಬರ್ತಿಲ್ಲ ಮೇಡಂ."

"ಸಾಕು. ಹೊರಗೆ ಕೂತಿರು."

ಡಾಕ್ಟರು ಕಪ್ಪುಗಳನ್ನು ಮತ್ತೆ ಬಿಗಿ ಮಾಡಿದ ಮೇಲೆ ಷಡ್ಡಕರು ನಗುತ್ತಾ ಬಂದರು. ಮೇಡಂ ಅವರಿಗೂ ಅದೇ ಕೆಲಸ ಹೇಳಿದರು. "ಕಳ್ಳ ಯಾರು ಅಂತ ಬೀದಿಗೆಲ್ಲ ಗೊತ್ತು. ಇನ್ನೂ ಇದೆಲ್ಲ ಯಾಕೆ?" ಎನ್ನುತ್ತಲೇ ಸ್ಪ್ಯಾನರ್ ಹಿಡಿದರು. ಪಳಗಿದ ಕೈ. ಕೆಂಪು ಎಡಕ್ಕೆ. ಬಿಳಿ ಎಡಕ್ಕೆ. ನೀಲಿ ಬಲಕ್ಕೆ.

"ಇದೊಂದು ಮಾತ್ರ ಬಲಕ್ಕೆ ಯಾಕೆ?" ಎಂದು ಕೇಳಿದರು ಮೇಡಂ.

ನಗು ಹಾರಿಹೋಯಿತು.

"ಇದು ಇಟಲಿಯದು ಅಂತ ನಂಬಿದವನು ಎಡಕ್ಕೇ ತಿರುಗಿಸ್ತಾನೆ. ಮೆಕ್ಯಾನಿಕ್ ಹಾಗೇ ಮಾಡಿ ಸೋತ. ಬದಲಾದ ಸೈಕಲ್ ಯಾವುದು ಅಂತ ಡಾಕ್ಟರು ನಿಮ್ಮಿಬ್ಬರಿಗೂ ಹೇಳಿರಲಿಲ್ಲ. ಬಲಕ್ಕೆ ಬಿಚ್ಚುತ್ತೆ ಅಂತ ಗೊತ್ತಿರೋದು, ಈ ಕಪ್ ಕೂರಿಸಿದವನ ಕೈಗೆ ಮಾತ್ರ."

ಷಡ್ಡಕರು ಸ್ಪ್ಯಾನರ್ ಕೆಳಗಿಟ್ಟರು. "ಮಾರಿಲ್ಲ. ನನ್ನ ಮಲಗೋ ಕೋಣೇಲೇ ಇದೆ. ಹತ್ತು ವರ್ಷ ಕೇಳಿದೆ, ಭಾವ ಕೊಡಲಿಲ್ಲ. ದಿನಾ ಎದ್ದ ತಕ್ಷಣ ನೋಡಬೇಕು ಅನ್ನಿಸ್ತಿತ್ತು, ಅಷ್ಟೆ."

"ಆ ಹುಚ್ಚು ಅರ್ಥವಾಗುತ್ತೆ," ಎಂದರು ಮೇಡಂ. "ಆದರೆ ಇನ್ನೊಬ್ಬನ ತಲೆಗೆ ಕಳ್ಳತನ ಕಟ್ಟಿದಾಗಲೂ ತೆಪ್ಪಗಿದ್ರಲ್ಲ, ಅದಕ್ಕೆ ನನ್ನಲ್ಲಿ ಕನಿಕರವಿಲ್ಲ."

*

ಮೆಕ್ಯಾನಿಕ್ ಹೊರಗೆ ಅಂಗೈ ನೋಡಿಕೊಳ್ಳುತ್ತಾ ಕೂತಿದ್ದ. ಕಪ್ ಬರಲಿಲ್ಲವಲ್ಲ, ಕೈಯಲ್ಲಿ ಕಸುವು ಹೋಯಿತೇ ಎಂಬ ಚಿಂತೆ ಅವನಿಗೆ. ಡಾಕ್ಟರು ಬಂದು ನಡೆದದ್ದೆಲ್ಲ ಹೇಳಿದರು.

"ತಪ್ಪಾಯ್ತು ಕಣಯ್ಯಾ," ಎಂದರು ತಗ್ಗಿದ ದನಿಯಲ್ಲಿ.

ಅವನು ಎದ್ದು ನಿಂತ. "ಕಳ್ಳ ಅಂದಿದ್ದು ನನ್ನ ಮಗಳ ಮುಂದೆ, ಸಾರ್. ಈ ಮಾತನ್ನೂ ಅವಳ ಮುಂದೇನೇ ಹೇಳಿ."

ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆ ಹೊರಟರು.